ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರಿಗೇ ಪದೇ ಪದೇ ಜಂತುಹುಳು: ಇದರಲ್ಲಿ ಜೀನ್‌ಗಳ ಪಾಲೆಷ್ಟು?

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಒಂದೇ ಮನೆ, ಒಂದೇ ಊಟ, ಒಂದೇ ಕಡೆ ಆಟ. ಮಗಳಿಗೆ ಪದೇ ಪದೇ ಜಂತುಹುಳು ಆಗುತ್ತದೆ. ಮಾತ್ರೆ ಕೊಟ್ಟರೆ ಹೋಗುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಮಗನಿಗೆ ಮಾತ್ರ ಏನೂ ಇಲ್ಲ. 'ಇವಳಿಗೆ ಇಮ್ಯುನಿಟಿ ಕಡಿಮೆ, ನಿಮ್ಮ ಕಡೆಯ ರಕ್ತದಲ್ಲೇ ಬಂದಿದೆ' ಎಂದು ಮನೆಯವರು ನನಗೆ ಹೇಳುತ್ತಾರೆ. ಇದು ನಿಜವೇ? ಜೀನ್ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ?

ಉತ್ತರ: ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪರಾವಲಂಬಿ ಜೀವಿಗಳ ವಿರುದ್ಧ ದೇಹ ಹೇಗೆ ಹೋರಾಡುತ್ತದೆ ಅನ್ನುವುದರಲ್ಲಿ ಅಪ್ಪ ಅಮ್ಮನಿಂದ ಬಂದ ಜೀನ್‌ಗಳಿಗೆ ಖಂಡಿತ ಪಾಲಿದೆ. ಇದು ಸುಮ್ನೆ ಊಹೆಯಲ್ಲ, ಅಳೆದು ನೋಡಿದ್ದಾರೆ. ಆದರೆ 'ಇಮ್ಯುನಿಟಿ ಕಡಿಮೆ' ಅನ್ನುವ ಮಾತು ಇಲ್ಲಿ ಹೊಂದುವುದಿಲ್ಲ. 'ನಿಮ್ಮ ಕಡೆಯ ರಕ್ತ' ಅನ್ನುವುದಂತೂ ಶುದ್ಧ ಅನ್ಯಾಯ. ಮಗುವಿನ ಜೀನ್‌ಗಳಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಹುಳುವಿನ ವಿಷಯದಲ್ಲಿ ಕೆಲಸ ಮಾಡುವುದು ಒಂದು ಜೀನ್ ಅಲ್ಲ, ಹತ್ತಾರು ಜೀನ್‌ಗಳು ಸೇರಿ. ಯಾರ ಕಡೆಯಿಂದ ಬಂತು ಎಂದು ಬೆರಳು ತೋರಿಸಲು ಸಾಧ್ಯವೇ ಇಲ್ಲ.

ನಿಮ್ಮ ಮನೆಯಲ್ಲಿ ಕಂಡಿದ್ದು ವಿಚಿತ್ರವೇನಲ್ಲ. ಹುಳುಗಳು ಎಲ್ಲರಲ್ಲೂ ಸಮನಾಗಿ ಹಂಚಿಹೋಗಿರುವುದಿಲ್ಲ. ಒಂದು ಊರಿನ ಜನರನ್ನೆಲ್ಲ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಹೆಚ್ಚಿನ ಹುಳುಗಳು ಕೆಲವೇ ಮಂದಿಯ ಹೊಟ್ಟೆಯಲ್ಲಿ ಸಿಗುತ್ತವೆ. ಉಳಿದವರಲ್ಲಿ ಬೆರಳೆಣಿಕೆಯಷ್ಟು ಇರುತ್ತವೆ, ಅಥವಾ ಇರುವುದೇ ಇಲ್ಲ. ಇದು ಆ ಕೆಲವರ ದುರದೃಷ್ಟ ಮಾತ್ರವೇ ಅನ್ನುವ ಪ್ರಶ್ನೆಯನ್ನು ಪಶ್ಚಿಮ ಬಂಗಾಳದಲ್ಲಿ ಕೊಕ್ಕೆಹುಳುವಿನ ಮೇಲೆ ನಡೆದ ಒಂದು ಅಧ್ಯಯನ ಕೈಗೆತ್ತಿಕೊಂಡಿತು. ಅದು 1985ರಲ್ಲಿ ಪ್ರಕಟವಾಯಿತು. ಔಷಧ ಕೊಟ್ಟು ಹುಳು ತೆಗೆದು, ಮತ್ತೆ ಸೋಂಕು ತಗಲುವವರೆಗೆ ಕಾದು ನೋಡಿದರು. ಮೊದಲು ಯಾರಲ್ಲಿ ಜಾಸ್ತಿ ಹುಳು ಇದ್ದವೋ, ಎರಡನೇ ಸಲವೂ ಹೆಚ್ಚಾಗಿ ಅವರಲ್ಲೇ ಜಾಸ್ತಿ ಇದ್ದವು. ಅಂದರೆ ಆ ವ್ಯಕ್ತಿಗಳಲ್ಲೋ ಅವರ ಬದುಕಿನಲ್ಲೋ ಹುಳುವಿಗೆ ಅನುಕೂಲವಾದದ್ದು ಏನೋ ಇದೆ. ಅದು ದೇಹವೇ, ನಡವಳಿಕೆಯೇ ಎಂಬುದು ಆ ಅಧ್ಯಯನದಿಂದ ಗೊತ್ತಾಗಲಿಲ್ಲ.

ಅದನ್ನು ಬೇರ್ಪಡಿಸಿ ನೋಡಿದ ಕೆಲಸ ನಡೆದಿದ್ದು ನೇಪಾಳದ ಜಿರೆಲ್ ಸಮುದಾಯದಲ್ಲಿ. ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಒಂದೇ ದೊಡ್ಡ ವಂಶವೃಕ್ಷಕ್ಕೆ ಸೇರಿದವರು. ಯಾರಿಗೆ ಯಾರು ಎಷ್ಟು ಹತ್ತಿರದ ಸಂಬಂಧ, ಯಾರು ಯಾರ ಜೊತೆ ಒಂದೇ ಮನೆಯಲ್ಲಿದ್ದಾರೆ ಎಲ್ಲವೂ ಗೊತ್ತಿತ್ತು. ಸಾರಾ ವಿಲಿಯಮ್ಸ್-ಬ್ಲಾಂಗೆರೊ ಅವರ ತಂಡ ಮಲದಲ್ಲಿನ ಮೊಟ್ಟೆಗಳನ್ನು ಎಣಿಸಿತು. ಔಷಧ ಕೊಟ್ಟ ಮೇಲೆ ಹೊರಬಿದ್ದ ದುಂಡುಹುಳುಗಳನ್ನೂ ಎಣಿಸಿತು. 1999ರಲ್ಲಿ ಬಂದ ಫಲಿತಾಂಶ ಇದು: ಹುಳುವಿನ ಹೊರೆಯಲ್ಲಿ, ಅಂದರೆ ಒಬ್ಬೊಬ್ಬರಲ್ಲಿ ಎಷ್ಟು ಹುಳು ಇವೆ ಅನ್ನುವುದರಲ್ಲಿ, ಜನರ ನಡುವೆ ಕಾಣುವ ವ್ಯತ್ಯಾಸದ 30ರಿಂದ 50 ಶೇಕಡಾ ಪಾಲು ಜೀನ್‌ಗಳಿಂದ ಬಂದದ್ದು. ಒಂದೇ ಮನೆಯಲ್ಲಿ ಇರುವುದರ ಪಾಲು ಅದಕ್ಕಿಂತ ಬಹಳ ಕಡಿಮೆ. ಅಂದರೆ ಹುಳುವಿನ ಹೊರೆ ಹೋಲುವುದರಲ್ಲಿ ಒಂದೇ ಸೂರಿಗಿಂತ ರಕ್ತಸಂಬಂಧದ ಪಾಲೇ ದೊಡ್ಡದಿತ್ತು. 2002ರಲ್ಲಿ ಇದೇ ತಂಡ 1 ಮತ್ತು 13ನೇ ಕ್ರೋಮೋಸೋಮ್‌ಗಳಲ್ಲಿ (ಜೀನ್‌ಗಳು ಸಾಲಾಗಿ ಇರುವ ಎಳೆಗಳಲ್ಲಿ) ಇದಕ್ಕೆ ಸಂಬಂಧಿಸಿದ ಜಾಗಗಳನ್ನು ಗುರುತಿಸಿತು.

ಈ ಶೇಕಡಾ ಲೆಕ್ಕವನ್ನು ಜನ ತಪ್ಪಾಗಿ ಓದಿಕೊಳ್ಳುತ್ತಾರೆ. 'ನನ್ನ ಮಗಳ ಹುಳುಗಳಲ್ಲಿ ಅರ್ಧ ಜೀನ್‌ನಿಂದ ಬಂದವು' ಎಂದು ಇದರ ಅರ್ಥವಲ್ಲ. ಇದು ಒಂದು ಜನಸಮೂಹದ ಒಳಗಿನ ವ್ಯತ್ಯಾಸದ ಲೆಕ್ಕ, ಒಬ್ಬರ ಲೆಕ್ಕ ಅಲ್ಲ. ಇಡೀ ಹೊಲಕ್ಕೆ ಒಂದೇ ಮಣ್ಣು, ಒಂದೇ ನೀರು ಇದ್ದರೆ ಗಿಡಗಿಡದ ನಡುವಿನ ವ್ಯತ್ಯಾಸ ಬೀಜದಿಂದಲೇ ಬಂದಂತೆ ಕಾಣುತ್ತದೆ. ಹೊಲದ ಅರ್ಧ ಭಾಗಕ್ಕೆ ನೀರು ನಿಲ್ಲಿಸಿದರೆ ಬೀಜದ ಪಾಲು ಕುಗ್ಗುತ್ತದೆ, ಬೀಜ ಬದಲಾಗದಿದ್ದರೂ. ಎಲ್ಲರೂ ಒಂದೇ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವ ಕಡೆ ಜೀನ್‌ಗಳ ಪಾಲು ದೊಡ್ಡದಾಗಿ ಕಾಣುವುದು ಇದಕ್ಕೇ. ಸೋಂಕೇ ಇಲ್ಲದ ಕಡೆ ಅದೇ ಜೀನ್‌ಗಳಿಗೆ ಮಾಡಲು ಕೆಲಸವೇ ಇರುವುದಿಲ್ಲ.

ಒಡಹುಟ್ಟಿದವರು ಬೇರೆ ಬೇರೆ ಆಗುವುದು ಹೇಗೆ? ಅಕ್ಕ ತಮ್ಮ ಸರಾಸರಿಯಲ್ಲಿ ಅರ್ಧದಷ್ಟು ಜೀನ್‌ಗಳನ್ನು ಮಾತ್ರ ಹಂಚಿಕೊಂಡಿರುತ್ತಾರೆ. ಉಳಿದ ಅರ್ಧದಲ್ಲಿ ಮಗಳಿಗೆ ಬಂದದ್ದು ಒಂದು, ಮಗನಿಗೆ ಬಂದದ್ದು ಇನ್ನೊಂದು. ಅಷ್ಟು ಸಾಕು.

ಈಗ ಈ ಜೀನ್‌ಗಳು ಒಳಗೆ ಏನು ಮಾಡುತ್ತವೆ ನೋಡೋಣ. ವೈರಸ್ ಬಂದರೆ ದೇಹ ಸೋಂಕು ತಗುಲಿದ ಜೀವಕಣವನ್ನೇ ಕೊಲ್ಲುತ್ತದೆ. ಗೇಣುದ್ದದ ಹುಳುವಿನ ಮೇಲೆ ಈ ಉಪಾಯ ನಡೆಯುವುದಿಲ್ಲ, ಅದನ್ನು ಯಾವ ಕಣವೂ ನುಂಗಲಾರದು. ಹಾಗಾಗಿ ಹುಳುವಿಗೆ ಬೇರೆಯೇ ದಾರಿ. ಐಎಲ್-4, ಐಎಲ್-5, ಐಎಲ್-13 ಅನ್ನುವ ಸಂದೇಶದ ಪ್ರೊಟೀನ್‌ಗಳು ಬಿಡುಗಡೆಯಾಗುತ್ತವೆ. ಅವುಗಳ ಮಾತು ಕೇಳಿ ಕರುಳು ಜಾಸ್ತಿ ಲೋಳೆ ಸುರಿಸುತ್ತದೆ, ಕರುಳಿನ ಸ್ನಾಯು ಜೋರಾಗಿ ಹಿಂಡುತ್ತದೆ, ಒಳಪದರ ಬೇಗ ಬೇಗ ಹೊಸದಾಗುತ್ತದೆ. ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣಗಳು ಹೆಚ್ಚುತ್ತವೆ, ಐಜಿಇ ಪ್ರತಿಕಾಯ ಏರುತ್ತದೆ. ಉದ್ದೇಶ ಹುಳುವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಅಲ್ಲಿ ನೆಲೆ ನಿಲ್ಲದಂತೆ ಮಾಡಿ ಹೊರದಬ್ಬುವುದು. ಈ ಸಂದೇಶ ಎಷ್ಟು ಬೇಗ ಹೊರಡುತ್ತದೆ, ಎಷ್ಟು ಜೋರಾಗಿರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಒಬ್ಬರಿಂದ ಒಬ್ಬರಿಗೆ ಬೇರೆ. ಜೀನ್‌ಗಳು ಕೈ ಹಾಕುವುದು ಇಲ್ಲೇ.

ಇದಕ್ಕೆ ಒಳ್ಳೆಯ ಸಾಕ್ಷಿ ಬ್ರೆಜಿಲಿನಿಂದ ಬಂತು. ಅಲ್ಲಿ ಬಸವನಹುಳುಗಳಿರುವ ನೀರಿನಿಂದ ಶಿಸ್ಟೊಸೋಮಾ ಅನ್ನುವ ರಕ್ತದ ಹುಳು ಚರ್ಮದ ಮೂಲಕ ಒಳಗೆ ಹೋಗುತ್ತದೆ. ಒಂದೇ ನೀರಿಗೆ ಇಳಿಯುವ ಕುಟುಂಬಗಳಲ್ಲೂ ಕೆಲವರಿಗೆ ವಿಪರೀತ ಸೋಂಕು, ಕೆಲವರಿಗೆ ಅಲ್ಪ. ಆಲೆಂ ದೆಸೆಂ ಅವರ ಬಳಗ 1996ರಲ್ಲಿ, ಸೋಂಕಿನ ತೀವ್ರತೆಯನ್ನು ನಿಯಂತ್ರಿಸುವ ಒಂದು ಮುಖ್ಯ ಜಾಗ 5ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿತು. ಮೇಲೆ ಹೇಳಿದ ಐಎಲ್-4, ಐಎಲ್-5, ಐಎಲ್-13ರ ಜೀನ್‌ಗಳು ಸಾಲಾಗಿ ಇರುವುದು ಅದೇ ಜಾಗದಲ್ಲಿ. ಹುಳುವಿನ ವಿರುದ್ಧದ ಹೋರಾಟದ ಬಗ್ಗೆ ಪ್ರಯೋಗಾಲಯದಲ್ಲಿ ಕಂಡಿದ್ದೂ ಕುಟುಂಬಗಳ ವಂಶವೃಕ್ಷದಲ್ಲಿ ಕಂಡಿದ್ದೂ ಒಂದೇ ಕಡೆ ಬಂದು ಸೇರಿದವು. ಈ ಕ್ಷೇತ್ರದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಫಲಿತಾಂಶಗಳಲ್ಲಿ ಇದೂ ಒಂದು.

ಆದರೆ ಅದೇ ಬಳಗ ಸುಡಾನಿನಲ್ಲಿ ಕಂಡಿದ್ದು ಇನ್ನೂ ಮುಖ್ಯವಾದದ್ದು. ಈ ಹುಳುವಿನ ಮೊಟ್ಟೆಗಳು ಪಿತ್ತಜನಕಾಂಗದಲ್ಲಿ ಸಿಕ್ಕಿಹಾಕಿಕೊಂಡು, ಅವುಗಳ ಸುತ್ತ ಗಾಯದ ಕಲೆಯಂತೆ ನಾರು ಕಟ್ಟುತ್ತದೆ. ಕೆಲವರಲ್ಲಿ ಇದು ಜೀವಕ್ಕೇ ಅಪಾಯ. ಯಾರಲ್ಲಿ ನಾರು ಜಾಸ್ತಿ ಕಟ್ಟುತ್ತದೆ ಅನ್ನುವುದರ ಹಿಂದೆ ಇದ್ದದ್ದು 5ನೇ ಕ್ರೋಮೋಸೋಮಿನ ಆ ಜಾಗ ಅಲ್ಲ, 6ನೇ ಕ್ರೋಮೋಸೋಮಿನ ಬೇರೊಂದು ಜಾಗ. ಅದು ಇಂಟರ್‌ಫೆರಾನ್ ಗಾಮಾ ಅನ್ನುವ ಸಂದೇಶವನ್ನು ಹಿಡಿಯುವ ಗ್ರಾಹಕದ ಜೀನ್ ಹತ್ತಿರ ಇದೆ. ಅಂದರೆ ಎಷ್ಟು ಹುಳು ಸೇರುತ್ತವೆ ಅನ್ನುವುದು ಒಂದು ಪ್ರಶ್ನೆ, ಸೇರಿದ ಮೇಲೆ ಎಷ್ಟು ಹಾನಿ ಆಗುತ್ತದೆ ಅನ್ನುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಜೀನ್‌ಗಳು. ಹಾನಿಯಲ್ಲಿ ದೊಡ್ಡ ಪಾಲು ದೇಹದ ಸ್ವಂತ ಪ್ರತಿಕ್ರಿಯೆಯದೇ. ಹಾಗಾಗಿ 'ಇಮ್ಯುನಿಟಿ ಜಾಸ್ತಿ ಇದ್ದರೆ ಒಳ್ಳೆಯದು, ಕಡಿಮೆ ಇದ್ದರೆ ಕೆಟ್ಟದ್ದು' ಅನ್ನುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸರಿಯಾದ ಬಗೆಯ ಪ್ರತಿಕ್ರಿಯೆ, ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಬೇಕು.

ಇನ್ನೊಂದು ಉದಾಹರಣೆ ನಿಮ್ಮ ಮನಸ್ಸಿಗೂ ಸ್ವಲ್ಪ ಹಗುರ ಎನ್ನಿಸಬಹುದು. ಎಸ್‌ಟಿಎಟಿ6 ಅನ್ನುವ ಜೀನ್ ಐಎಲ್-4 ಮತ್ತು ಐಎಲ್-13ರ ಸಂದೇಶವನ್ನು ಕಣದ ಒಳಗೆ ಮುಟ್ಟಿಸುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಸ್ತಮಾಗೆ ಸಂಬಂಧಿಸಿದ ಈ ಜೀನ್‌ನ ಒಂದು ರೂಪ ಇದ್ದವರಲ್ಲಿ ದುಂಡುಹುಳುವಿನ ಹೊರೆ ಕಡಿಮೆ ಇತ್ತು. ಹುಳುವನ್ನು ಚೆನ್ನಾಗಿ ಹೊರದಬ್ಬುವ ದೇಹವೇ ಹುಳು ಇಲ್ಲದಾಗ ಧೂಳಿಗೂ ಪರಾಗಕ್ಕೂ ರೇಗಬಹುದು ಅನ್ನುವ ವಿಚಾರಕ್ಕೆ ಇದು ಬಲ ಕೊಡುತ್ತದೆ. ಮಗನಿಗೆ ಹುಳು ಆಗುವುದಿಲ್ಲ ಎಂದು ಅವನ ಜೀನ್‌ಗಳು ಎಲ್ಲ ರೀತಿಯಲ್ಲೂ ಮೇಲು, ಮಗಳದ್ದು ಕೀಳು ಎಂದು ಹೇಳಲು ಬರುವುದಿಲ್ಲ.

ಹುಳುಗಳನ್ನು ಬಿಟ್ಟು ಮಲೇರಿಯಾ ಕಡೆ ತಿರುಗಿದರೆ ಈ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇನ್ನೂ ಸ್ಪಷ್ಟ. ಕೆಂಪು ರಕ್ತಕಣವನ್ನು ಕುಡುಗೋಲಿನ ಆಕಾರಕ್ಕೆ ತಿರುಗಿಸಬಲ್ಲ ಸಿಕಲ್ ಸೆಲ್ ಜೀನ್‌ನ ಒಂದು ಪ್ರತಿ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಇದೆ ಎಂದು ಆಂಥನಿ ಆಲಿಸನ್ 1954ರಲ್ಲಿ ತೋರಿಸಿದರು. ತೀವ್ರ ಮಲೇರಿಯಾದ ಅಪಾಯ ಅವರಲ್ಲಿ ಸುಮಾರು 90 ಶೇಕಡಾ ಕಡಿಮೆ. ಎರಡೂ ಪ್ರತಿ ಬಂದವರಿಗೆ ಮಾತ್ರ ಸಿಕಲ್ ಸೆಲ್ ಕಾಯಿಲೆ, ಜೀವನವಿಡೀ ನೋವು. ಇದು ಕೆಂಪು ರಕ್ತಕಣದ ವಿಷಯ ಅಲ್ವಾ, ಇಮ್ಯುನಿಟಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೀನ್ಯಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಕೆಲಸ ಇದನ್ನೇ ಕೇಳಿತು. ಸಾಮಾನ್ಯ ಮಲೇರಿಯಾ ವಿರುದ್ಧ ಈ ಒಂದು ಪ್ರತಿಯ ರಕ್ಷಣೆ ಮೊದಲ ಎರಡು ವರ್ಷಗಳಲ್ಲಿ 20 ಶೇಕಡಾ ಮಾತ್ರ ಇತ್ತು. ಹತ್ತು ವರ್ಷದ ಹೊತ್ತಿಗೆ 56 ಶೇಕಡಾಗೆ ಏರಿತು. ಜೀನ್ ಹುಟ್ಟಿನಿಂದಲೂ ಅದೇ. ವಯಸ್ಸಿನ ಜೊತೆ ಏರಿದ್ದು ಕಲಿತ ಪ್ರತಿರೋಧ. ಸೋಂಕು ಬಂದು ಹೋಗುವಾಗ ಈ ಮಕ್ಕಳ ದೇಹ ಪರಾವಲಂಬಿಯನ್ನು ಗುರುತಿಸುವುದನ್ನು ಬೇಗ ಕಲಿಯುತ್ತಿರಬೇಕು ಎಂದು ಆ ಸಂಶೋಧಕರು ವಾದಿಸಿದರು.

ಇದಕ್ಕೆ ಪೂರ್ತಿ ಬೇರೆಯಾದದ್ದು ಕೆಂಪು ಕಣಗಳ ಮೇಲಿರುವ ಡಫಿ ಪ್ರೊಟೀನ್. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾದ ಪರಾವಲಂಬಿ ಕೆಂಪು ಕಣದೊಳಗೆ ನುಗ್ಗಲು ಅದನ್ನೇ ಹಿಡಿದುಕೊಳ್ಳುತ್ತದೆ. ಪಶ್ಚಿಮ ಆಫ್ರಿಕಾದ ಬಹುತೇಕ ಜನರ ಕೆಂಪು ಕಣಗಳ ಮೇಲೆ ಅದು ಇಲ್ಲವೇ ಇಲ್ಲ. ಇಲ್ಲಿ ಹೋರಾಟವೇ ನಡೆಯುವುದಿಲ್ಲ, ಪರಾವಲಂಬಿಗೆ ಪ್ರವೇಶವೇ ಕಷ್ಟ. ಆದರೂ ಡಫಿ ಇಲ್ಲದವರಲ್ಲೂ ವೈವಾಕ್ಸ್ ಸೋಂಕು ಕಂಡದ್ದುಂಟು, ಮಡಗಾಸ್ಕರ್‌ನಿಂದ 2010ರಲ್ಲಿ ಅಂಥ ವರದಿ ಬಂತು.

ನಿಜವಾಗಿ ಪ್ರತಿರೋಧದ ವ್ಯತ್ಯಾಸವನ್ನೇ ನೋಡಬೇಕೆಂದರೆ ಬುರ್ಕಿನಾ ಫಾಸೋದ ಫುಲಾನಿ ಜನರ ಉದಾಹರಣೆ ಇದೆ. ಅಕ್ಕಪಕ್ಕದಲ್ಲೇ ಇರುವ ಬೇರೆ ಸಮುದಾಯಗಳಿಗೆ ಹೋಲಿಸಿದರೆ ಅವರಿಗೆ ಮಲೇರಿಯಾ ಕಡಿಮೆ, ಮಲೇರಿಯಾ ವಿರುದ್ಧದ ಪ್ರತಿಕಾಯಗಳು ಮಾತ್ರ ಜಾಸ್ತಿ. ಸಿಕಲ್ ಸೆಲ್‌ನಂಥ ಪರಿಚಿತ ರಕ್ಷಕ ಜೀನ್‌ಗಳು ಅವರಲ್ಲಿ ಹೆಚ್ಚಿರಬೇಕು ಎಂದು ಹುಡುಕಿದರೆ, ಅವು ಕಡಿಮೆಯೇ ಇದ್ದವು.

ಎಚ್‌ಎಲ್‌ಎ ಹೆಸರು ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಕಣಗಳು ತಮ್ಮೊಳಗಿನ ಪ್ರೊಟೀನ್ ತುಣುಕುಗಳನ್ನು ಹೊರಮೈಗೆ ತಂದು ಟಿ ಕಣಗಳು ಅನ್ನುವ ಪ್ರತಿರೋಧದ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಹಾಗೆ ತೋರಿಸುವ ಅಣುಗಳೇ ಎಚ್‌ಎಲ್‌ಎ. ಮನುಷ್ಯರಲ್ಲಿ ಇಷ್ಟು ಬಗೆಬಗೆಯ ರೂಪಗಳಿರುವ ಜೀನ್‌ಗಳು ಬೇರೆ ಇಲ್ಲ. ಒಂದೊಂದು ರೂಪ ಒಂದೊಂದು ಬಗೆಯ ತುಣುಕನ್ನು ಚೆನ್ನಾಗಿ ಹಿಡಿಯುತ್ತದೆ. ಪರಾವಲಂಬಿಯಿಂದಲೇ ಬರುವ ಕಾಳಾ ಅಜಾರ್ ಅನ್ನುವ ಜ್ವರದ ವಿಷಯದಲ್ಲಿ 2013ರಲ್ಲಿ ಭಾರತ ಮತ್ತು ಬ್ರೆಜಿಲ್ ಎರಡೂ ಕಡೆಯ ರೋಗಿಗಳ ಪೂರ್ತಿ ಜೀನೋಮ್ ಜಾಲಾಡಿದಾಗ ಎದ್ದು ಕಂಡದ್ದು ಎಚ್‌ಎಲ್‌ಎ ಜಾಗವೇ. ಎರಡು ದೂರದ ಖಂಡಗಳು, ಬೇರೆ ಬೇರೆ ಜನ, ಪರಾವಲಂಬಿಯ ಪ್ರಭೇದವೂ ಬೇರೆ. ಆದರೂ ಉತ್ತರ ಒಂದೇ. ಇಂಥ ಫಲಿತಾಂಶವನ್ನು ನಾನು ಹೆಚ್ಚು ನಂಬುತ್ತೇನೆ.

ಯಾಕೆಂದರೆ ಈ ಕ್ಷೇತ್ರದಲ್ಲಿ ನಿಲ್ಲದೆ ಹೋದ ಹೇಳಿಕೆಗಳೂ ಬೇಕಾದಷ್ಟಿವೆ. 1990ರ ದಶಕದಲ್ಲಿ ನೂರಾರು ಮಕ್ಕಳ ಮೇಲಿನ ಅಧ್ಯಯನಗಳಿಂದ 'ಈ ಜೀನ್ ಮಲೇರಿಯಾ ತಡೆಯುತ್ತದೆ, ಆ ಜೀನ್ ಕೆಡಿಸುತ್ತದೆ' ಎಂಬ ಉದ್ದ ಪಟ್ಟಿ ಬೆಳೆದಿತ್ತು. ಟಿಎನ್‌ಎಫ್ ಅನ್ನುವ ಉರಿಯೂತದ ಜೀನ್ ಅದರಲ್ಲಿ ಹೆಸರುವಾಸಿ. 2014ರಲ್ಲಿ ಸುಮಾರು 12,000 ತೀವ್ರ ಮಲೇರಿಯಾ ರೋಗಿಗಳನ್ನು ಸೇರಿಸಿ ಆ ಪಟ್ಟಿಯನ್ನು ಮತ್ತೆ ಪರೀಕ್ಷಿಸಿದರು. ಸಿಕಲ್ ಸೆಲ್, ಓ ರಕ್ತಗುಂಪು ಮತ್ತು ಇನ್ನು ಕೆಲವು ಮಾತ್ರ ಉಳಿದವು. ಟಿಎನ್‌ಎಫ್ ಸೇರಿ ಹೆಚ್ಚಿನವು ಬಿದ್ದುಹೋದವು. ಅಂತರ್ಜಾಲದಲ್ಲಿ ಇನ್ನೂ ಹಳೆಯ ಪಟ್ಟಿಗಳೇ ಓಡಾಡುತ್ತಿವೆ, ಅವುಗಳನ್ನು ಓದಿ ಹೆದರಬೇಡಿ.

ಒಂದೇ ಒಂದು ಜೀನ್ ಎಲ್ಲವನ್ನೂ ಬದಲಿಸಿದ ಪ್ರಕರಣ ಇಲ್ಲವೇ ಇಲ್ಲವೇ? ಇದೆ, ತೀರಾ ಅಪರೂಪ. ದನ, ಕುದುರೆ, ಒಂಟೆಗಳಿಗೆ ಸರ್ರಾ ರೋಗ ತರುವ ಟ್ರಿಪನೊಸೋಮಾ ಇವಾನ್ಸಿ ಅನ್ನುವ ಪರಾವಲಂಬಿ ಸಾಮಾನ್ಯವಾಗಿ ಮನುಷ್ಯರಿಗೆ ತಗಲುವುದಿಲ್ಲ. ನಮ್ಮ ರಕ್ತದಲ್ಲಿರುವ ಎಪಿಒಎಲ್1 ಅನ್ನುವ ಪ್ರೊಟೀನ್ ಅದನ್ನು ಕೊಂದುಹಾಕುತ್ತದೆ. 2004ರಲ್ಲಿ ಮಹಾರಾಷ್ಟ್ರದ ಒಬ್ಬ ರೈತನ ರಕ್ತದಲ್ಲಿ ಈ ಪರಾವಲಂಬಿ ಸಿಕ್ಕಿತು. ಹುಡುಕಿದಾಗ ಅವರಲ್ಲಿ ಎಪಿಒಎಲ್1 ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದವು, ಆ ಪ್ರೊಟೀನೇ ತಯಾರಾಗುತ್ತಿರಲಿಲ್ಲ. ಸುರಾಮಿನ್ ಔಷಧದಿಂದ ಅವರು ಗುಣವಾದರು. ಇದೇ ಜೀನ್‌ನ ಇನ್ನೆರಡು ರೂಪಗಳು ಆಫ್ರಿಕಾ ಮೂಲದವರಲ್ಲಿ ಇವೆ. ನಿದ್ರಾ ರೋಗದ ಪರಾವಲಂಬಿಯ ವಿರುದ್ಧ ಅವು ನೆರವಾಗುತ್ತವೆ. ಆದರೆ ಅವುಗಳ ಎರಡು ಪ್ರತಿ ಇದ್ದವರಿಗೆ ಮೂತ್ರಪಿಂಡದ ಕಾಯಿಲೆಯ ಅಪಾಯ ಹೆಚ್ಚು ಎಂದು 2010ರಲ್ಲಿ ಗೊತ್ತಾಯಿತು.

ಜೀನ್ ಬಿಟ್ಟು ಉಳಿದದ್ದರ ಪಾಲೆಷ್ಟು? ಕೀನ್ಯಾದ ಕರಾವಳಿಯ ಮಕ್ಕಳಲ್ಲಿ ಮಲೇರಿಯಾ ಎಷ್ಟು ಸಲ ಬರುತ್ತದೆ ಅನ್ನುವುದರ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಸುಮಾರು 25 ಶೇಕಡಾ ಎಂದು 2005ರಲ್ಲಿ ಲೆಕ್ಕ ಹಾಕಿದರು. ಅಷ್ಟು ಬಲವಾದ ಸಿಕಲ್ ಸೆಲ್ ಜೀನ್ ಒಂದರ ಪಾಲು ಒಟ್ಟು ವ್ಯತ್ಯಾಸದಲ್ಲಿ 2 ಶೇಕಡಾ ಮಾತ್ರ. ಜೀನ್‌ಗಳ ಪಾಲಿನಲ್ಲಿ ಉಳಿದದ್ದು ಸಣ್ಣ ಸಣ್ಣ ಪ್ರಭಾವದ ಹಲವು ಜೀನ್‌ಗಳದ್ದಿರಬೇಕು. 2015ರಲ್ಲಿ 210 ಅವಳಿಗಳ ರಕ್ತ ಪರೀಕ್ಷೆ ಮಾಡಿದ ಅಧ್ಯಯನವೊಂದು ಪ್ರತಿರೋಧಕ್ಕೆ ಸಂಬಂಧಿಸಿದ 204 ಅಳತೆಗಳನ್ನು ತೆಗೆದುಕೊಂಡಿತು. ಅವುಗಳಲ್ಲಿ 77 ಶೇಕಡಾ ಅಳತೆಗಳಲ್ಲಿ ವಂಶದಿಂದ ಬಂದದ್ದಕ್ಕಿಂತ ಬದುಕಿನಲ್ಲಿ ಎದುರಾದದ್ದರ ಪ್ರಭಾವವೇ ಹೆಚ್ಚಿತ್ತು.

ಇನ್ನು ಪರೀಕ್ಷೆಯ ವಿಚಾರ. ಜಂತುಹುಳುವಿಗಾಗಿ ಜೀನ್ ಪರೀಕ್ಷೆ ಮಾಡಿಸಬೇಡಿ. ಹತ್ತಾರು ಜೀನ್‌ಗಳ ಸಣ್ಣ ಸಣ್ಣ ಪ್ರಭಾವವನ್ನು ಕೂಡಿಸಿ ಒಂದು ಮಗುವಿನ ಬಗ್ಗೆ ಭವಿಷ್ಯ ಹೇಳುವ ಪರೀಕ್ಷೆ ಇಲ್ಲ. ಇದ್ದಿದ್ದರೂ ಚಿಕಿತ್ಸೆ ಬದಲಾಗುತ್ತಿರಲಿಲ್ಲ. ಪರಾವಲಂಬಿ ರೋಗಗಳಲ್ಲಿ ವೈದ್ಯರು ವಂಶದಿಂದ ಬಂದ ಗುಣವನ್ನು ನಿಜವಾಗಿ ಪರೀಕ್ಷಿಸಬೇಕಾದ ಮುಖ್ಯ ಸಂದರ್ಭ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ. ಅದು ಇದ್ದವರಿಗೆ ವೈವಾಕ್ಸ್ ಮಲೇರಿಯಾಗೆ ಕೊಡುವ ಪ್ರಿಮಾಕ್ವಿನ್ ಮಾತ್ರೆಯಿಂದ ಕೆಂಪು ರಕ್ತಕಣಗಳು ಒಡೆಯಬಹುದು. ಅದಕ್ಕೂ ನಿಮ್ಮ ಮಗಳ ಹುಳುವಿಗೂ ಸಂಬಂಧವಿಲ್ಲ. 'ಇಮ್ಯುನಿಟಿ ಹೆಚ್ಚಿಸುವ' ಟಾನಿಕ್‌ಗಳಿಗೆ ಹಣ ಹಾಕುವುದೂ ಬೇಡ.

ಮಗಳ ವಿಷಯದಲ್ಲಿ ನೆನಪಿಡಬೇಕಾದ ಸಂಗತಿ ಹೀಗಿದೆ. ದುಂಡುಹುಳು ಹೊಟ್ಟೆಯೊಳಗೆ ಸಂಖ್ಯೆಯಲ್ಲಿ ಬೆಳೆಯುವುದಿಲ್ಲ. ಹೆಣ್ಣು ಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆಗಳು ಮಲದಲ್ಲಿ ಹೊರಗೆ ಹೋಗಿ, ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲಷ್ಟೇ ಸೋಂಕು ತರಬಲ್ಲವು. ಮಗಳ ಹೊಟ್ಟೆಯಲ್ಲಿ ಎಷ್ಟು ದುಂಡುಹುಳು ಇವೆಯೋ ಕನಿಷ್ಠ ಅಷ್ಟು ಮೊಟ್ಟೆ ಅವಳ ಬಾಯಿ ಸೇರಿವೆ. ಜೀನ್‌ಗಳು ಹೇಗೇ ಇರಲಿ, ಬಾಯಿಗೆ ಹೋಗದ ಮೊಟ್ಟೆ ಹುಳುವಾಗುವುದಿಲ್ಲ. ಅವಳಿಗೆ ಉಗುರು ಕಚ್ಚುವ ಅಥವಾ ಬೆರಳು ಬಾಯಿಗೆ ಹಾಕುವ ಅಭ್ಯಾಸ ಇದೆಯೇ ನೋಡಿ. ಉಗುರು ಕತ್ತರಿಸಿ, ಊಟದ ಮೊದಲು ಸೋಪಿನಿಂದ ಕೈ ತೊಳೆಸಿ, ಹಸಿ ತರಕಾರಿ ಚೆನ್ನಾಗಿ ತೊಳೆಯಿರಿ. ಇದು ತಮ್ಮನಿಗೂ ಅನ್ವಯಿಸುತ್ತದೆ. ಅವನಲ್ಲಿ ಲಕ್ಷಣ ಕಾಣದಿರುವುದು ಹುಳು ಇಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ, ಕೆಲವೇ ಹುಳು ಇದ್ದರೆ ಏನೂ ಗೊತ್ತಾಗುವುದಿಲ್ಲ.

ಮುಂದಿನ ಸಲ ಮಾತ್ರೆ ಕೊಡುವ ಮೊದಲು ಯಾವ ಹುಳು ಎಂದು ಮಲ ಪರೀಕ್ಷೆ ಮಾಡಿಸಿ. ರಾತ್ರಿ ಗುದದ್ವಾರದಲ್ಲಿ ತುರಿಕೆ ಇದ್ದರೆ ಅದು ಸಣ್ಣ ದಾರದಂಥ ಹುಳು ಇರಬಹುದು. ಆಗ ಮಲ ಪರೀಕ್ಷೆಯಲ್ಲಿ ಹೆಚ್ಚಾಗಿ ಸಿಗುವುದಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ಗುದದ ಬಳಿ ಅಂಟುಪಟ್ಟಿ ಒತ್ತಿ ಮಾಡುವ ಪರೀಕ್ಷೆ ಬೇಕು. ಈ ಹುಳು ಮನೆಯವರಲ್ಲಿ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಎಲ್ಲರೂ ಒಟ್ಟಿಗೆ ಔಷಧ ತೆಗೆದುಕೊಂಡು ಎರಡು ವಾರದ ನಂತರ ಇನ್ನೊಮ್ಮೆ ತೆಗೆದುಕೊಳ್ಳದಿದ್ದರೆ ಒಬ್ಬಳಿಗೇ ಎಷ್ಟು ಸಲ ಕೊಟ್ಟರೂ ಮತ್ತೆ ಬರುತ್ತದೆ. ನಿಮ್ಮ ಮನೆಯ ಕಥೆಗೆ ಇದೇ ಕಾರಣ ಇದ್ದರೂ ಇರಬಹುದು.

ಜೊತೆಗೆ ಹಿಮೋಗ್ಲೋಬಿನ್ ಮತ್ತು ಇಯೋಸಿನೋಫಿಲ್ ನೋಡಿಸಿ. ರಕ್ತಹೀನತೆ, ತೂಕ ಏರದಿರುವುದು, ಮಲದಲ್ಲಿ ರಕ್ತ ಇದ್ದರೆ ತಡಮಾಡಬೇಡಿ. ಔಷಧ ಕೊಟ್ಟ ಮೇಲೂ ಇಯೋಸಿನೋಫಿಲ್ ಇಳಿಯದಿದ್ದರೆ ಸ್ಟ್ರಾಂಜಿಲಾಯ್ಡಿಸ್ ಅನ್ನುವ ಹುಳು ಇದೆಯೇ ಎಂದು ವೈದ್ಯರನ್ನು ಕೇಳಿ. ಹುಳು ಹೊಟ್ಟೆಯೊಳಗೆ ಸಂಖ್ಯೆಯಲ್ಲಿ ಬೆಳೆಯುವುದಿಲ್ಲ ಎಂದು ಮೇಲೆ ಹೇಳಿದ ನಿಯಮಕ್ಕೆ ಆ ಹುಳು ಹೊರತು. ಅದು ದೇಹದೊಳಗೇ ಮತ್ತೆ ಮತ್ತೆ ಸೋಂಕು ಮಾಡುತ್ತಾ ವರ್ಷಗಟ್ಟಲೆ ಉಳಿಯಬಲ್ಲದು. ಅಲ್ಬೆಂಡಜೋಲ್‌ನ ಒಂದು ಮಾತ್ರೆಗೆ ಅದು ಸಾಮಾನ್ಯವಾಗಿ ಜಗ್ಗುವುದಿಲ್ಲ, ಐವರ್ಮೆಕ್ಟಿನ್ ಬೇಕಾಗುತ್ತದೆ. ಅದನ್ನು ಮಗಳ ತೂಕ ನೋಡಿ ವೈದ್ಯರೇ ಕೊಡಬೇಕು.